ಎಸಿ ಒಳಗೆ ಯುವಿ ಲೈಟ್ ಹಾಕಿಸಬೇಕಾ? ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ. ಎರಡು ಬೆಡ್‌ರೂಮಿಗೂ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಇದೆ. ಮಳೆಗಾಲ ಶುರುವಾದರೆ ಸಾಕು, ಆನ್ ಮಾಡಿದ ಮೊದಲ ಐದು ನಿಮಿಷ ಮುಗ್ಗಲು ವಾಸನೆ. ಮನೆಯವರಿಗೆ ಸೀನು ಬೇರೆ. ಸರ್ವಿಸ್‌ಗೆ ಬಂದ ಹುಡುಗ "ಒಳಗೆ ಯುವಿ ಲೈಟ್ ಹಾಕಿಸಿ, ಒಂದಕ್ಕೆ ಆರು ಸಾವಿರ ಆಗ್ತದೆ, ಮತ್ತೆ ಸರ್ವಿಸೇ ಬೇಡ" ಅಂತಾನೆ. ಚಿಕಾಗೋದಲ್ಲಿರುವ ಮಗಳ ಮನೆಯಲ್ಲಿ ಹೀಟಿಂಗ್, ಕೂಲಿಂಗ್ ಎರಡಕ್ಕೂ ಬೇಸ್‌ಮೆಂಟಿನಲ್ಲಿ ಒಂದೇ ದೊಡ್ಡ ಮೆಷಿನ್. ಅದರೊಳಗೆ ಯುವಿ ಲ್ಯಾಂಪ್ ಹಾಕಿಸಿದ್ದಾರಂತೆ. ಅಲ್ಲಿ ಆಗುವುದು ಇಲ್ಲೂ ಆಗಬೇಕಲ್ವಾ?

ಉತ್ತರ: ನಿಮ್ಮ ಸ್ಪ್ಲಿಟ್ ಎಸಿಗೆ ಬೇಡ. ಮಗಳ ಮನೆಯದ್ದು ಬೇರೆ ಕಥೆ, ಅಲ್ಲಿ ಆ ಲ್ಯಾಂಪಿಗೆ ಮಾಡಲು ಕೆಲಸ ಉಂಟು. ಎರಡಕ್ಕೂ ಎಸಿ ಅಂತಲೇ ಹೆಸರು, ಆದರೆ ಒಳಗಿನ ಕಟ್ಟುವಿಕೆ ಪೂರ್ತಿ ಬೇರೆ. ಅದು ಅರ್ಥವಾದರೆ ಆರು ಸಾವಿರದ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

ಮೊದಲು ಒಂದು ಕೆಲಸ ಮಾಡಿ. ಎಸಿಯ ಮೇನ್ ಸ್ವಿಚ್ ಆಫ್ ಮಾಡಿ. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಗೋಡೆಯ ಸ್ವಿಚ್ಚೇ ಆಫ್ ಆಗಬೇಕು. ತಣ್ಣನೆ ಗಾಳಿ ಬರುವ ಬಾಯಿಯ ಫ್ಲಾಪನ್ನು ಮೆಲ್ಲ ತೆರೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಉದ್ದಕ್ಕೆ ಲಟ್ಟಣಿಗೆಯ ಹಾಗೆ ಒಂದು ಪ್ಲಾಸ್ಟಿಕ್ ಉರುಳೆ ಕಾಣುತ್ತದೆ, ಮೈತುಂಬ ಸಣ್ಣ ಸಣ್ಣ ಎಸಳು. ಅದೇ ಬ್ಲೋವರ್. ಕಿವಿಗೆ ಹಾಕುವ ಹತ್ತಿಯ ಕಡ್ಡಿಯನ್ನು ಒಂದು ಎಸಳಿನ ಮೇಲೆ ಎಳೆದು ನೋಡಿ. ಕಡ್ಡಿ ಬೂದು ಬಣ್ಣಕ್ಕೆ ಬಂದರೆ ಬರೀ ಧೂಳು. ಕಾಡಿಗೆ ಹಚ್ಚಿದ ಹಾಗೆ ಕಪ್ಪಾಗಿ, ಸ್ವಲ್ಪ ಅಂಟಂಟಾಗಿ ಬಂದರೆ ಅದು ಬೂಷ್ಟು. ನೀವು ಹೇಳಿದ ಲಕ್ಷಣ ನೋಡಿದರೆ ಕಡ್ಡಿ ಕಪ್ಪಾಗಿಯೇ ಬರುತ್ತದೆ ಅಂತ ನನ್ನ ಅಂದಾಜು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಊರಿನ ಎಸಿಗಳನ್ನೇ ಬಿಚ್ಚಿದ್ದೇನೆ. ಜುಲೈ ತಿಂಗಳಲ್ಲಿ ಬಿಳಿ ಕಡ್ಡಿ ಬಿಳಿಯಾಗಿಯೇ ಹೊರಗೆ ಬಂದದ್ದನ್ನು ಬೆರಳಲ್ಲಿ ಎಣಿಸಬಹುದು.

ಯಾಕೆ ಹೀಗೆ? ಫ್ರಿಜ್ಜಿನಿಂದ ತೆಗೆದಿಟ್ಟ ನೀರಿನ ಬಾಟಲಿ ಹೇಗೆ ಬೆವರುತ್ತದೆ ನೋಡಿ, ಎಸಿ ಒಳಗೆ ಗಾಳಿಯನ್ನು ತಣಿಸುವ ಕೊಳವೆಗಳ ಸುರುಳಿ, ಅಂದರೆ ಕಾಯಿಲ್ ಕೂಡ ಹಾಗೆಯೇ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಗಾಳಿಯನ್ನು 24 ಡಿಗ್ರಿಯ ಹತ್ತಿರಕ್ಕೆ ತಣಿಸಿದರೆ ಸಾಕು, ನೀರು ಬಿಡಲು ಶುರು ಮಾಡುತ್ತದೆ. ಕಾಯಿಲ್ಲಿನ ಮೈ ಅದಕ್ಕಿಂತ ಎಷ್ಟೋ ತಣ್ಣಗೆ ಇರುತ್ತದೆ. ಹಾಗಾಗಿ ರಾತ್ರಿಯಿಡೀ ನೀರು ಸುರಿಯುತ್ತದೆ, ಹೊರಗಿನ ಪೈಪಿನ ಕೆಳಗೆ ಬಕೆಟ್ ಇಟ್ಟವರಿಗೆ ಇದು ಗೊತ್ತು. ಬೆಳಿಗ್ಗೆ ಆರು ಗಂಟೆಗೆ ನೀವು ಆಫ್ ಮಾಡುತ್ತೀರಿ. ಕಾಯಿಲ್ ಒದ್ದೆ, ಅದರಿಂದ ಬೀಳುವ ನೀರು ಹಿಡಿಯುವ ಟ್ರೇ ಒದ್ದೆ, ಬ್ಲೋವರ್ ಒದ್ದೆ, ಪೆಟ್ಟಿಗೆಯ ಬಾಯಿ ಬಂದ್, ಒಳಗೆ ಕತ್ತಲೆ. ರಾತ್ರಿ ಹತ್ತರವರೆಗೆ ಅದು ಹಾಗೆಯೇ. ತಿನ್ನಲಿಕ್ಕೆ ಏನುಂಟು ಅಂದರೆ ಎಲ್ಲವೂ ಉಂಟು: ಹಾಸಿಗೆಯ ಧೂಳು, ಮೈಯಿಂದ ಉದುರುವ ಚರ್ಮದ ಹೊಟ್ಟು, ಊದುಬತ್ತಿಯ ಹೊಗೆ, ಬಂಗುಡೆ ಫ್ರೈ ಮಾಡಿದ ದಿನದ ಎಣ್ಣೆಯ ಆವಿ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಆಟಿ ತಿಂಗಳಲ್ಲಿ ಒಂದೇ ವಾರಕ್ಕೆ ಬೂಷ್ಟು ಹಿಡಿಯುವ ಊರು ಮಾರಾಯ್ರೇ ನಮ್ಮದು. ಎಸಿಗೆ ಹಿಡಿಯದೇ ಇದ್ದರೆ ಆಶ್ಚರ್ಯ.

ಈಗ ಯುವಿಗೆ, ಅಂದರೆ ಅತಿನೇರಳೆ ಬೆಳಕಿಗೆ ಬರೋಣ. ಅದು ಮೋಸದ ವಿಷಯವಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಸಿಲು ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಅಂತ ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬ ಸಂಶೋಧಕರು 1877ರಲ್ಲೇ ತೋರಿಸಿದ್ದರು. ಫ್ರಾನ್ಸಿನ ಮಾರ್ಸೇ ಊರಿನಲ್ಲಿ 1910ರಲ್ಲೇ ಕುಡಿಯುವ ನೀರಿಗೆ ಯುವಿ ಹಾಕಿ ನೋಡಿದ್ದರು. ನಿಮ್ಮ ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ಒಳಗೆ ಯುವಿ ಇದ್ದರೆ ಅದೂ ಇದೇ ಕುಲದ್ದು. ಕ್ರಿಮಿ ಕೊಲ್ಲುವ ಬೆಳಕನ್ನು ಯುವಿ-ಸಿ ಅಂತಾರೆ. ಪಾದರಸದ ಟ್ಯೂಬಿನಿಂದ ಬರುವುದು ಹೆಚ್ಚಾಗಿ 254 ನ್ಯಾನೋಮೀಟರ್ ತರಂಗಾಂತರದ್ದು. ಅದು ಕ್ರಿಮಿಯ ಡಿಎನ್‌ಎಗೆ ಬಡಿದು ಅದರ ಎಳೆಗಳನ್ನು ತಪ್ಪುತಪ್ಪಾಗಿ ಅಂಟಿಸಿಬಿಡುತ್ತದೆ. ಆಮೇಲೆ ಅದಕ್ಕೆ ಮರಿ ಹಾಕಲು ಆಗುವುದಿಲ್ಲ. ಅಂದಹಾಗೆ ಸೂರ್ಯನ ಯುವಿ-ಸಿ ನೆಲದವರೆಗೆ ಬರುವುದೇ ಇಲ್ಲ, ಮೇಲಿನ ಓಝೋನ್ ಮತ್ತು ಆಮ್ಲಜನಕ ಅದನ್ನು ತಡೆಯುತ್ತವೆ. ನಮ್ಮಮ್ಮ ಬೇಸಿಗೆಯಲ್ಲಿ ಹಾಸಿಗೆಯನ್ನು ಅಂಗಳಕ್ಕೆ ಹಾಕಿದಾಗ ಮುಗ್ಗಲು ಹೋಗುತ್ತಿದ್ದದ್ದು ಮುಖ್ಯವಾಗಿ ಒಣಗಿದ್ದರಿಂದ. ಈ ಒಣಗುವ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಯುವಿಯಲ್ಲಿ ಎಲ್ಲವೂ ನಿಂತಿರುವುದು ಡೋಸ್ ಮೇಲೆ. ಎಷ್ಟು ಜೋರಾದ ಬೆಳಕು, ಎಷ್ಟು ಹೊತ್ತು, ಈ ಎರಡರ ಗುಣಾಕಾರ. ಕಾಯಿಲ್ಲಿನ ಮೈಮೇಲೆ ಒಂದು ಚದರ ಸೆಂಟಿಮೀಟರಿಗೆ 100 ಮೈಕ್ರೋವಾಟ್ ಬೀಳುತ್ತಿದೆ ಅನ್ನಿ. ಇದು ದೊಡ್ಡ ಬೆಳಕೇನಲ್ಲ. ಆದರೂ ಒಂದು ಗಂಟೆಗೆ ಡೋಸ್ 360 ಮಿಲಿಜೂಲ್ ಆಯಿತು. ಕಪ್ಪು ಬೂಷ್ಟಿನ ಬೀಜಕಣಗಳು ಗಟ್ಟಿ ಪಿಂಡ. ಆ ಕಪ್ಪು ಬಣ್ಣವೇ ಅವಕ್ಕೆ ಕೊಡೆ, ಯುವಿಯನ್ನು ಹೀರಿಕೊಂಡು ಒಳಗಿನ ಡಿಎನ್‌ಎ ಕಾಯುತ್ತದೆ. ಅವನ್ನು ಹತ್ತರಲ್ಲಿ ಒಂಬತ್ತು ಕೊಲ್ಲಲು ನೂರಕ್ಕೂ ಜಾಸ್ತಿ ಮಿಲಿಜೂಲ್ ಬೇಕಾಗುತ್ತದೆ. ಕಾಯಿಲ್ ಎಲ್ಲಿಗೂ ಓಡಿಹೋಗುವುದಿಲ್ಲ, ಲ್ಯಾಂಪ್ ದಿನವಿಡೀ ಉರಿಯುತ್ತದೆ, ಹಾಗಾಗಿ ಅಲ್ಲಿ ಬೂಷ್ಟು ಬೆಳೆಯಲು ಆಗುವುದಿಲ್ಲ. ಇದೇ ಲೆಕ್ಕವನ್ನು ಹಾರುವ ಗಾಳಿಗೆ ಹಾಕಿ ನೋಡಿ. ಗಾಳಿ ಸಾಗಿಸುವ ದೊಡ್ಡ ಕೊಳವೆ, ಅಂದರೆ ಡಕ್ಟ್ ಒಳಗೆ ಗಾಳಿ ಸೆಕೆಂಡಿಗೆ ಎರಡೂವರೆ ಮೀಟರ್ ಓಡಿದರೆ, ಬೆಳಕು ಬೀಳುವ ಜಾಗ ಅರ್ಧ ಮೀಟರ್ ಇದ್ದರೆ, ಕ್ರಿಮಿಗೆ ಬೆಳಕು ತಾಗುವುದು ಒಂದು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಬೆಳಕನ್ನು ಹತ್ತು ಪಟ್ಟು ಜೋರು ಮಾಡಿದರೂ ಸಿಗುವುದು 0.2 ಮಿಲಿಜೂಲ್. ಬೂಷ್ಟಿನ ಬೀಜಕ್ಕೆ ಅದು ಸೊಳ್ಳೆ ಕಚ್ಚಿದ ಹಾಗೆ. ಆದ್ದರಿಂದ ಮನೆಯ ಮೆಷಿನ್ನಿನಲ್ಲಿ ಒಂದು ಟ್ಯೂಬ್ ಹಾಕಿ "ಗಾಳಿಯನ್ನೇ ಶುದ್ಧ ಮಾಡುತ್ತದೆ" ಅಂತ ಮಾರಿದರೆ ನಂಬಬೇಡಿ. "ಕಾಯಿಲ್ಲಿನ ಮೇಲೆ ಬೂಷ್ಟು ಕೂರದ ಹಾಗೆ ನೋಡಿಕೊಳ್ಳುತ್ತದೆ" ಅಂದರೆ ನಂಬಬಹುದು.

ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಕೆನಡಾದ ಮಾಂಟ್ರಿಯಲ್‌ನ ಆಫೀಸ್ ಕಟ್ಟಡಗಳಲ್ಲಿ ಎಸಿಯ ಕಾಯಿಲ್ ಮತ್ತು ಟ್ರೇಗೆ ಯುವಿ ಹಾಕಿ, ಕೆಲವು ವಾರ ಆನ್, ಕೆಲವು ವಾರ ಆಫ್ ಇಟ್ಟು, ಕೆಲಸಗಾರರಿಗೆ ಯಾವಾಗ ಆನ್ ಅಂತ ಹೇಳದೆ ಅಧ್ಯಯನ ಮಾಡಿದ್ದರು. 2003ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಬೆಳಕು ಬಿದ್ದ ಮೈಮೇಲಿನ ಕ್ರಿಮಿಗಳು ಶೇ. 99ರಷ್ಟು ಕಡಿಮೆಯಾಗಿದ್ದವು. ಜನರ ಮೂಗು, ಗಂಟಲಿನ ತೊಂದರೆಯೂ ಕಡಿಮೆಯಾಗಿತ್ತು. ನಮ್ಮಲ್ಲೂ ಕೊರೊನಾ ಕಾಲದಲ್ಲಿ ಚಂಡೀಗಢದ ಸಿಎಸ್‌ಐಆರ್-ಸಿಎಸ್‌ಐಒ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಯವರು ಡಕ್ಟ್ ಒಳಗೆ ಹಾಕುವ ಯುವಿ-ಸಿ ವ್ಯವಸ್ಥೆ ತಯಾರಿಸಿದರು. 2021ರಲ್ಲಿ ಅದನ್ನು ಸಂಸತ್ತಿನಲ್ಲೂ ಅಳವಡಿಸಿದರು. ಅಲ್ಲಿ ಗಾಳಿಯನ್ನೂ ಶುದ್ಧ ಮಾಡಬೇಕಿತ್ತು, ಅದಕ್ಕೆ ಬೇಕಾದಷ್ಟು ಲ್ಯಾಂಪ್, ಲೆಕ್ಕ ಎಲ್ಲ ಹಾಕಿಯೇ ಮಾಡಿದ್ದು. ಆದರೆ ಗಮನಿಸಿ, ಇವೆಲ್ಲ ದೊಡ್ಡ ಮೆಷಿನ್, ತಗಡಿನ ಡಕ್ಟ್. ಬಾಗಿಲು ತೆಗೆದು ಒಳಗೆ ಕೈ ಹಾಕಿ ಲ್ಯಾಂಪ್ ಬದಲಿಸುವಷ್ಟು ಜಾಗ ಇರುವಂಥವು.

ನಿಮ್ಮ ಗೋಡೆಯ ಮೇಲಿನ ಸ್ಪ್ಲಿಟ್ ಎಸಿಯಲ್ಲಿ ಜಾಗ ಎಲ್ಲಿದೆ? ರೂಮಿನ ಗಾಳಿ ಮೊದಲು ಜಾಲರಿ ಫಿಲ್ಟರಿಗೆ, ಆಮೇಲೆ ಕಾಯಿಲ್ಲಿಗೆ, ಆಮೇಲೆ ಬ್ಲೋವರಿಗೆ, ಅಲ್ಲಿಂದ ಹೊರಗೆ. ಕಾಯಿಲ್ ಮತ್ತು ಬ್ಲೋವರ್ ನಡುವೆ ಬೆರಳು ಹೋಗುವುದೇ ಕಷ್ಟ. ಹಾಗಾಗಿ ಲೈಟ್ ಹಾಕುವವರು ಫಿಲ್ಟರ್ ಮತ್ತು ಕಾಯಿಲ್ ನಡುವೆ ಅಂಟಿಸುತ್ತಾರೆ, ಇಲ್ಲವೇ ಗಾಳಿ ಬರುವ ಬಾಯಿಯಲ್ಲಿ. ಬೆಳಕು ಮೂಲೆ ತಿರುಗಿ ಹೋಗುವುದಿಲ್ಲ. ಬೂಷ್ಟು ಇರುವುದು ಬ್ಲೋವರಿನ ಎಸಳಿನ ಒಳಬದಿಯಲ್ಲಿ, ಟ್ರೇಯ ಅಡಿಯಲ್ಲಿ. ಬೆಳಕು ಬೀಳುವುದು ಬೇರೆ ಎಲ್ಲೋ.

ಇನ್ನೊಂದು, ಇದನ್ನು ನಾನು ನನ್ನ ಕೈಯಾರೆ ಕಲಿತದ್ದು. ಎಷ್ಟೋ ವರ್ಷದ ಹಿಂದೆ, ನನಗೂ ಯುವಿಯ ಹುಚ್ಚು ಹಿಡಿದಿದ್ದ ಕಾಲ, ಒಬ್ಬರು ಹಳೇ ಗಿರಾಕಿಯ ಸ್ಪ್ಲಿಟ್ ಎಸಿಗೆ ಒಂದು ಸಣ್ಣ ಯುವಿ ಟ್ಯೂಬನ್ನು ಹೇಗೋ ಸಂದಿಯಲ್ಲಿ ಕೂರಿಸಿಕೊಟ್ಟೆ, ಬೀಗುತ್ತಾ ದುಡ್ಡೂ ತೆಗೆದುಕೊಂಡೆ. ಎಂಟು ತಿಂಗಳಿಗೆ ಫೋನ್ ಬಂತು, "ಎಸಿ ಟರ್ರ್ ಅಂತ ಶಬ್ದ ಮಾಡ್ತಿದೆ". ಹೋಗಿ ಬಿಚ್ಚಿದೆ. ಬೆಳಕಿನ ಎದುರಿಗಿದ್ದ ಬ್ಲೋವರಿನ ಎಸಳುಗಳು ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಉಗುರಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿದು ಕೈಗೆ ಬಂದವು. ವಯರಿನ ಪ್ಲಾಸ್ಟಿಕ್ ಬಿರುಕು ಬಿಟ್ಟು ಒಳಗಿನ ತಾಮ್ರ ಇಣುಕುತ್ತಿತ್ತು, ಪಕ್ಕದಲ್ಲೇ ನೀರಿನ ಟ್ರೇ. ಅದನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು. ಯುವಿ-ಸಿ ಕ್ರಿಮಿಯನ್ನು ಮಾತ್ರ ಕಡಿಯುವುದಲ್ಲ, ಪ್ಲಾಸ್ಟಿಕ್ಕನ್ನೂ ಕಡಿಯುತ್ತದೆ. ಸ್ಪ್ಲಿಟ್ ಎಸಿಯಲ್ಲಿ ಕಾಯಿಲ್ ಮತ್ತು ಮೋಟಾರ್ ಬಿಟ್ಟರೆ ಉಳಿದದ್ದು ಹೆಚ್ಚುಕಡಿಮೆ ಪ್ಲಾಸ್ಟಿಕ್ಕೇ. ಹೊಸ ಬ್ಲೋವರ್ ನನ್ನ ಖರ್ಚಿನಲ್ಲಿ ಹಾಕಿಕೊಟ್ಟೆ, ಟ್ಯೂಬ್ ಕಿತ್ತು ಮನೆಗೆ ತಂದೆ.

ಕಂಪನಿಯೇ ಕಾರ್ಖಾನೆಯಲ್ಲಿ ಯುವಿ ಎಲ್‌ಇಡಿ ಹಾಕಿ ಕೊಟ್ಟಿದ್ದರೆ ಅದನ್ನು ಕೀಳಬೇಡಿ. ಅವರು ಪ್ಲಾಸ್ಟಿಕ್ಕಿನ ಲೆಕ್ಕ ಹಾಕಿರುತ್ತಾರೆ. ಆದರೆ ಅದಕ್ಕೋಸ್ಕರ ಜಾಸ್ತಿ ದುಡ್ಡು ಕೊಟ್ಟು ಆ ಮಾಡೆಲ್ಲೇ ಬೇಕು ಅಂತ ನಾನು ಹೇಳುವುದಿಲ್ಲ.

ಆನ್‌ಲೈನಿನಲ್ಲಿ ಸಿಗುವ ನೇರಳೆ ಬಣ್ಣದ ಸ್ಟ್ರಿಪ್‌ಗಳ ವಿಷಯವಂತೂ ಕೇಳಲೇಬೇಡಿ. ನಿಮ್ಮ ಸರ್ವಿಸ್ ಹುಡುಗ ತರುವುದೂ ಅದೇ ಇರಬಹುದು ಅಂತ ನನಗೆ ಅನುಮಾನ. ಹೆಚ್ಚಿನವು 395ರಿಂದ 405 ನ್ಯಾನೋಮೀಟರಿನವು. ನೋಡಲು ಚಂದ, ಕ್ರಿಮಿಗೆ ಹೆಚ್ಚೇನೂ ಆಗುವುದಿಲ್ಲ. "ನೋಡಿ ಸಾರ್, ಒರಿಜಿನಲ್ ಯುವಿ" ಅಂತ ಐನೂರರ ನೋಟು ಹಿಡಿದು ನಂಬರ್ ಹೊಳೆಯುವುದನ್ನು ತೋರಿಸುತ್ತಾರೆ. ನೋಟು ಹೊಳೆಯಲು ಕಳ್ಳನೋಟು ಪತ್ತೆ ಮಾಡುವ ಸಾದಾ ಯುವಿ-ಎ ಸಾಕು. ನಿಜವಾದ ಯುವಿ-ಸಿ ಕಣ್ಣಿಗೆ ಕಾಣುವುದೇ ಇಲ್ಲ, ಪಾದರಸದ ಟ್ಯೂಬಿನಲ್ಲಿ ಕಾಣುವ ತಿಳಿನೀಲಿ ಅದರ ಜೊತೆಗೆ ಬರುವ ಬೇರೆ ಬೆಳಕು.

ಆ ತಿಳಿನೀಲಿ ಬೆಳಕನ್ನು ನೇರ ನೋಡಲೂಬಾರದು. ನನ್ನ ಕೆಲಸದ ಹುಡುಗನೊಬ್ಬ ಗಿರಾಕಿಯ ಡಕ್ಟ್ ಎಸಿಯ ಬಾಗಿಲು ತೆಗೆದು, ಲ್ಯಾಂಪ್ ಉರಿಯುತ್ತಿದೆಯಾ ಅಂತ ಒಂದೆರಡು ನಿಮಿಷ ಇಣುಕಿ ನೋಡಿದ್ದ. ಆಗ ಏನೂ ಆಗಲಿಲ್ಲ. ಊಟ ಮಾಡಿ ಮಲಗಿದ. ಮಧ್ಯರಾತ್ರಿ ಕಣ್ಣಿಗೆ ಹೊಯ್ಗೆ ಹಾಕಿ ತಿಕ್ಕಿದ ಹಾಗೆ ಉರಿ, ನೀರು ಸುರಿಯುವುದು ನಿಲ್ಲಲಿಲ್ಲ. ಬೈಕಂಪಾಡಿ ಕಡೆ ವೆಲ್ಡಿಂಗ್ ಮಾಡುವವರನ್ನು ಕೇಳಿ, ಅವರಿಗೆ ಈ ನೋವು ಗೊತ್ತು, ಎರಡೂ ಒಂದೇ ಜಾತಿಯ ಸುಡುವಿಕೆ. ಎರಡು ದಿನದಲ್ಲಿ ಸರಿಯಾಯಿತು, ಪುಣ್ಯ. ಮನುಷ್ಯನ ಕಣ್ಣು, ಚರ್ಮಕ್ಕೆ ಈ 254ರ ಬೆಳಕು ಎಂಟು ಗಂಟೆಯಲ್ಲಿ ಒಟ್ಟು 6 ಮಿಲಿಜೂಲ್ ದಾಟಬಾರದು ಅಂತ ಮಿತಿ ಉಂಟು. ಮೇಲೆ ಹೇಳಿದ 100 ಮೈಕ್ರೋವಾಟಿನ ಬೆಳಕಿನ ಎದುರು ಒಂದೇ ನಿಮಿಷ ನಿಂತರೆ ಆ ಮಿತಿ ಮುಗಿಯಿತು. ಅದಕ್ಕೇ ಬಾಗಿಲು ತೆಗೆದ ಕೂಡಲೇ ಲ್ಯಾಂಪ್ ತಾನಾಗಿ ಆರುವ ಸ್ವಿಚ್ ಇರಲೇಬೇಕು. ಸ್ಪ್ಲಿಟ್ ಎಸಿಗೆ ಹೊರಗಿನಿಂದ ಅಂಟಿಸುವ ಟ್ಯೂಬಿಗೆ ಅಂಥ ಸ್ವಿಚ್ ಹಾಕಿದ್ದನ್ನು ನಾನಂತೂ ನೋಡಿಲ್ಲ. ಫ್ಲಾಪಿನ ಸಂದಿಯಿಂದ ಬೆಳಕು ಸೋರಿ ಮಂಚದ ಮೇಲೆ ಬಿದ್ದರೆ? ರಾತ್ರಿಯಿಡೀ ಅಲ್ಲೇ ಮಲಗುವುದಲ್ವಾ ನೀವು.

ಮಗಳ ಮನೆಯದ್ದಕ್ಕೆ ಬರುತ್ತೇನೆ. ಅಲ್ಲಿ ಬೇಸ್‌ಮೆಂಟಿನಲ್ಲಿ ಗಾಳಿ ಬಿಸಿ ಮಾಡುವ ಫರ್ನೇಸ್, ಅದರ ಮೇಲೆ ಎಸಿಯ ಕಾಯಿಲ್, ಒಂದೇ ಫ್ಯಾನು ಇಡೀ ಮನೆಗೆ ಡಕ್ಟಿನಲ್ಲಿ ಗಾಳಿ ತಳ್ಳುತ್ತದೆ. ಸುತ್ತ ತಗಡು, ಜಾಗ ಧಾರಾಳ. ಲ್ಯಾಂಪ್ ಕಾಯಿಲ್ಲಿನ ಕಡೆ ಮುಖ ಮಾಡಿದ್ದರೆ, ಟ್ರೇಗೂ ಬೆಳಕು ಬೀಳುತ್ತಿದ್ದರೆ, ಅದು ಸರಿಯಾದ ಕೆಲಸ. ಕಾಯಿಲ್ಲಿನ ಅಲ್ಯುಮಿನಿಯಂ ಯುವಿಯನ್ನು ಚೆನ್ನಾಗಿ ಪ್ರತಿಫಲಿಸುವುದರಿಂದ ಅದರ ತೆಳು ತಗಡಿನ ರೆಕ್ಕೆಗಳ ನಡುವೆಯೂ ಸ್ವಲ್ಪ ಒಳಗೆ ಹೋಗುತ್ತದೆ. ಆದರೆ ಮೂರು ನಾಲ್ಕು ವಿಷಯ ಅವಳಿಗೆ ಹೇಳಿ. ಚಳಿಗಾಲದಲ್ಲಿ ಹೀಟಿಂಗ್ ಓಡುವಾಗ ಆ ಕಾಯಿಲ್ ಒಣಗಿರುತ್ತದೆ, ಆಗ ಲ್ಯಾಂಪಿಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ. ಟ್ಯೂಬಿನ ಆಯುಸ್ಸು ಸುಮಾರು 9,000 ಗಂಟೆ, ದಿನವಿಡೀ ಉರಿದರೆ ಒಂದು ವರ್ಷ ಅಷ್ಟೇ. ಆಮೇಲೂ ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ಆದರೆ ಯುವಿ ಕುಗ್ಗಿರುತ್ತದೆ. ಉರಿಯುತ್ತಿದೆ ಅಂತ ಬಿಟ್ಟರೆ ಅದು ಸುಮ್ನೆ ಒಂದು ನೀಲಿ ಬಲ್ಬು. ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಎಣ್ಣೆ, ಕೂತ ಧೂಳು ಎರಡೂ ಯುವಿಯನ್ನು ತಿನ್ನುತ್ತವೆ. ಲ್ಯಾಂಪಿನ ಎದುರು ಫಿಲ್ಟರ್, ವಯರ್, ಪ್ಲಾಸ್ಟಿಕ್ ಡಕ್ಟ್ ಇದ್ದರೆ ಅಲ್ಯುಮಿನಿಯಂ ಟೇಪ್ ಸುತ್ತಿಸಬೇಕು, ಇಲ್ಲವೇ ಲ್ಯಾಂಪಿನ ಜಾಗ ಬದಲಿಸಬೇಕು. ಟ್ಯೂಬಿನೊಳಗೆ ಸ್ವಲ್ಪ ಪಾದರಸ ಇರುತ್ತದೆ, ಒಡೆದರೆ ಕಿಟಕಿ ತೆಗೆದು ಕಾಗದದಲ್ಲಿ ಎತ್ತಬೇಕು, ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು.

ಮತ್ತೆ ಓಝೋನ್. ಕೆಲವು ಟ್ಯೂಬ್‌ಗಳು 254ರ ಜೊತೆ 185 ನ್ಯಾನೋಮೀಟರಿನ ಬೆಳಕನ್ನೂ ಬಿಡುತ್ತವೆ, ಅದರಿಂದ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ. ಸಿಡಿಲು ಹೊಡೆದ ಮೇಲೆ ಅಥವಾ ಜೆರಾಕ್ಸ್ ಅಂಗಡಿಯ ಹಳೇ ಮೆಷಿನ್ನಿನ ಪಕ್ಕ ಬರುವ ಆ ಚುರುಕು ವಾಸನೆ ಉಂಟಲ್ಲ, ಅದೇ. "ಫ್ರೆಶ್ ಗಾಳಿ" ಅಂತ ಮಾರುವವರು ಇದನ್ನೇ ಹೆಗ್ಗಳಿಕೆ ಮಾಡುತ್ತಾರೆ. ಎದೆಗೆ, ಗಂಟಲಿಗೆ ಅದು ಒಳ್ಳೆಯದಲ್ಲ, ಉಬ್ಬಸ ಇರುವವರಿಗಂತೂ ಬೇಡವೇ ಬೇಡ. ಓಝೋನ್ ಬಿಡದ ಟ್ಯೂಬ್ ಅಂತ ಬರೆದಿರುವುದನ್ನೇ ಕೊಳ್ಳಬೇಕು.

ಮಂಗಳೂರು, ಉಡುಪಿ, ಮಣಿಪಾಲದಲ್ಲೂ ಈಗ ಕೆಲವು ದೊಡ್ಡ ಮನೆ, ಫ್ಲಾಟುಗಳಲ್ಲಿ ಡಕ್ಟ್ ಎಸಿ ಬಂದಿದೆ. ಅಂಥವರು ಕೇಳಿದರೆ ನಾನು ಹಾಕಿಸಿ ಅನ್ನುತ್ತೇನೆ, ಇಲ್ಲಿ ವರ್ಷದ ಹೆಚ್ಚಿನ ತಿಂಗಳು ಕಾಯಿಲ್ ಒದ್ದೆಯೇ ಇರುತ್ತದಲ್ಲ. 36 ವಾಟಿನ ಒಂದು ಲ್ಯಾಂಪ್ ದಿನವಿಡೀ ಉರಿದರೆ ಮೆಸ್ಕಾಂ ಕರೆಂಟ್ ಬಿಲ್ಲಿಗೆ ತಿಂಗಳಿಗೆ 26 ಯೂನಿಟ್ ಸೇರುತ್ತದೆ, ವರ್ಷಕ್ಕೊಂದು ಹೊಸ ಟ್ಯೂಬ್. ಅಷ್ಟು ಖರ್ಚಿಗೆ ತಯಾರಿದ್ದರೆ ಸರಿ.

ಒಂದು ಮಾತು, ಎಲ್ಲಿ ಹಾಕಿಸಿದರೂ ಸರ್ವಿಸ್ ತಪ್ಪುವುದಿಲ್ಲ. ಯುವಿ ಧೂಳು ತೆಗೆಯುವುದಿಲ್ಲ. ಸತ್ತ ಬೂಷ್ಟಿನಿಂದಲೂ ಸೀನು ಬರುತ್ತದೆ, ಮೂಗಿಗೆ ಅದು ಸತ್ತಿದೆಯೋ ಬದುಕಿದೆಯೋ ಗೊತ್ತಾಗುವುದಿಲ್ಲ. ಅದನ್ನು ತೊಳೆದೇ ತೆಗೆಯಬೇಕು.

ಈಗ ನಿಮ್ಮ ಎರಡು ಎಸಿ. ಬರುವ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಬ್ಲೋವರ್ ಹೊರಗೆ ತೆಗೆದು ತೊಳೆಯುವ ಸರ್ವಿಸ್ ಮಾಡಿಸಿ. ಈಗಲೇ ವಾಸನೆ ಇದ್ದರೆ ಈಗಲೇ ಮಾಡಿಸಿ. ಮಾಮೂಲಿ ಸರ್ವಿಸಿನಲ್ಲಿ ಫಿಲ್ಟರ್ ತೊಳೆದು, ಎದುರಿನಿಂದ ಕಾಯಿಲ್ಲಿಗೆ ಒಂದು ಜೆಟ್ ಹೊಡೆದು ಹೋಗುತ್ತಾರೆ. ಬ್ಲೋವರ್ ಹಾಗೆಯೇ ಉಳಿಯುತ್ತದೆ. ಕೆಲವೊಮ್ಮೆ ಅರ್ಧ ತೊಳೆದ ಕೊಳೆ ಟ್ರೇಗೆ ಬಿದ್ದು ಇನ್ನೂ ಕೆಟ್ಟ ವಾಸನೆ. ಬುಕ್ ಮಾಡುವಾಗಲೇ "ಬ್ಲೋವರ್ ಬಿಚ್ಚಬೇಕು, ಟ್ರೇ ಬಿಚ್ಚಬೇಕು" ಅಂತ ಹೇಳಿ. ಜಾಸ್ತಿ ದುಡ್ಡು ಕೇಳಿದರೆ ಕೊಡಿ, ಅದು ನಿಜವಾಗಿ ಜಾಸ್ತಿ ಕೆಲಸ. ಡ್ರೈನ್ ಪೈಪಿಗೆ ಇಳಿಜಾರು ಇದೆಯಾ ನೋಡಿಸಿ. ನಡುವೆ ಹೊಟ್ಟೆ ಬಿಟ್ಟು ನೇತಾಡುತ್ತಿದ್ದರೆ ಅಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ. ಕಾಯಿಲ್ಲಿಗೆ ಆಸಿಡ್ ಹಾಕಿ ತೊಳೆಯಲು ಬಿಡಬೇಡಿ. ಕಡಲಿನ ಉಪ್ಪು ಗಾಳಿ ಅದನ್ನು ಮೊದಲೇ ತಿನ್ನುತ್ತಿದೆ, ನೀವೂ ಕೈ ಜೋಡಿಸುವುದು ಬೇಡ. ಸೆಂಟ್ ಸ್ಪ್ರೇ, ಡೆಟಾಲ್ ಇವೆಲ್ಲ ಎಸಿಯ ಬಾಯಿಗೆ ಹೊಡೆಯಬೇಡಿ.

ಆಮೇಲೆ ದಿನವೂ ಮಾಡಬೇಕಾದ್ದು ಒಂದೇ, ಆಗ ಹೇಳಿದ ಒಣಗಿಸುವ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಎಸಿ ಆಫ್ ಮಾಡಬೇಡಿ, ರಿಮೋಟಿನಲ್ಲಿ ಫ್ಯಾನ್ ಮೋಡಿಗೆ ಹಾಕಿ ಅರ್ಧ ಗಂಟೆ ಓಡಿಸಿ. ನಿಮ್ಮ ಕಾಫಿ ಆಗುವಷ್ಟು ಹೊತ್ತು. ಡ್ರೈ ಮೋಡ್ ಅಲ್ಲ, ಅದರಲ್ಲಿ ಕಾಯಿಲ್ ಮತ್ತೆ ತಣ್ಣಗಾಗಿ ನೀರು ಬಿಡುತ್ತದೆ. ಬರೀ ಫ್ಯಾನು. ಆಗ ರೂಮಿನ ಕಿಟಕಿ ತೆರೆದಿಡಿ, ಇಲ್ಲದಿದ್ದರೆ ಆ ತೇವವೆಲ್ಲ ರೂಮಿಗೇ ಬರುತ್ತದೆ. ಜಡಿಮಳೆಯ ದಿನ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುತ್ತದೆ, ಪೂರ್ತಿ ಒಣಗುವುದಿಲ್ಲ, ಆದರೂ ಕಾಯಿಲ್ಲಿನಿಂದ ತೊಟ್ಟಿಕ್ಕುವ ನೀರಾದರೂ ಹೋಗುತ್ತದೆ. ಕೆಲವು ಹೊಸ ಮೆಷಿನ್ನುಗಳಲ್ಲಿ ಆಟೋ ಕ್ಲೀನ್ ಅಂತ ಬಟನ್ ಇರುತ್ತದೆ. ಆಫ್ ಮಾಡಿದ ಮೇಲೂ ಒಳಗಿನ ಫ್ಯಾನು ಸ್ವಲ್ಪ ಹೊತ್ತು ತಾನೇ ಓಡುತ್ತದೆ. ನಿಮ್ಮ ರಿಮೋಟಿನಲ್ಲಿ ಅದು ಇದ್ದು ನೀವು ಒಮ್ಮೆಯೂ ಒತ್ತದೇ ಇರುವ ಸಾಧ್ಯತೆ ಜಾಸ್ತಿ. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ಹಿಡಿದು ತೊಳೆಯಿರಿ. ತೊಳೆದದ್ದನ್ನು ಒದ್ದೆಯಾಗಿ ಹಾಕಬೇಡಿ.

ಇಷ್ಟು ಮಾಡಿ ಒಂದು ತಿಂಗಳಾದ ಮೇಲೂ ಮನೆಯವರಿಗೆ ಸೀನು ನಿಲ್ಲದಿದ್ದರೆ ಎಸಿಯವರನ್ನು ಬಿಟ್ಟು ಡಾಕ್ಟರನ್ನು ನೋಡಿ. ದಿಂಬು, ಹಾಸಿಗೆ, ಹೊರಗೋಡೆಯಿಂದ ಇಳಿಯುವ ತೇವ, ಕಾರಣ ಬೇಕಾದಷ್ಟು ಇರಬಹುದು. ವಾಸನೆ ಮಾತ್ರ ಉಳಿದಿದ್ದರೆ ಮತ್ತೆ ಹತ್ತಿಯ ಕಡ್ಡಿ ಹಾಕಿ ಒಂದು ಫೋಟೋ ಕಳಿಸಿ, ಬ್ಲೋವರ್ ನಿಜವಾಗಿ ಬಿಚ್ಚಿ ತೊಳೆದಿದ್ದಾರಾ ಇಲ್ವಾ ಅಂತ ನೋಡಿ ಹೇಳುತ್ತೇನೆ.